ಮೂಲ ರೋಗಿಯನ್ನು ಹಾಜರುಪಡಿಸುವ ಕುರಿತು

ಬಲ್ಬು ಕಾರ್ಖಾನೆಯ ರಜಾ ವಿಭಾಗದ ಮಾನ್ಯ ಅಧಿಕಾರಿಗಳೇ,

ಮಗಳ ರಕ್ತಪರೀಕ್ಷೆಗೆಂದು ಬರುವ ಗುರುವಾರ ಅರ್ಧ ದಿನದ ರಜೆ ಕೇಳಿದ್ದೆ. ಕಾರಣದ ಕಾಲಮ್ಮಿನಲ್ಲಿ ‘ಅನುವಂಶೀಯ ಕಾಯಿಲೆ, ಅಜ್ಜಿಯಿಂದ ಬಂದದ್ದು’ ಎಂದು ಸತ್ಯ ಬರೆದು ಕೆಟ್ಟೆ. ‘ನಕಲುಗಳನ್ನು ಪರಿಗಣಿಸಲಾಗುವುದಿಲ್ಲ, ಮೂಲ ರೋಗಿಯನ್ನು ಹಾಜರುಪಡಿಸಿ’ ಎಂದು ಷರಾ ಬರೆದು ಅರ್ಜಿ ಹಿಂತಿರುಗಿಸಿದ್ದೀರಿ. ನಾನೂ ನನ್ನ ಮಗಳೂ ನಕಲುಗಳೆಂದು ತಿಳಿದು ಸಂತೋಷವಾಯಿತು. ಆದರೆ ಅಜ್ಜಿ ನನ್ನ ಅಮ್ಮನನ್ನು ಹೆತ್ತ ಮೂರನೇ ದಿನವೇ ರಕ್ತ ನಿಲ್ಲದೆ ತೀರಿಕೊಂಡರು. ಅವರಿಗೆ ತಮ್ಮ ಕಚೇರಿಯಿಂದ ನೋಟಿಸು ಹೋಗಿದೆಯೇ? ಹೋಗಿದ್ದರೆ ಯಾವ ವಿಳಾಸಕ್ಕೆ?

ನಮ್ಮ ಮನೆಯ ಹೆಂಗಸರಿಗೆ ಮುಟ್ಟು ಹತ್ತು ಹನ್ನೆರಡು ದಿನ. ಗಂಟೆಗೊಮ್ಮೆ ಬಟ್ಟೆ ಬದಲಿಸುವುದು, ಎದ್ದು ನಿಂತರೆ ಕಣ್ಣು ಕತ್ತಲಿಡುವುದು, ಎಲ್ಲವೂ ಸಹಜವೆಂದೇ ನಂಬಿದ್ದೆವು. ಎಷ್ಟರಮಟ್ಟಿಗೆ ಎಂದರೆ, ಹೊಸದಾಗಿ ಬಂದ ಅತ್ತಿಗೆಗೆ ನಾಲ್ಕೇ ದಿನಕ್ಕೆ ನಿಂತಾಗ ಅಮ್ಮ ಹೌಹಾರಿ ಅವಳನ್ನು ಡಾಕ್ಟರ ಬಳಿ ಎಳೆದುಕೊಂಡು ಹೋದರು. ನಾನೂ ಹಿಂದೆಯೇ ಓಡಿದೆ.

“ಪಾಪ, ಹುಡುಗಿಗೆ ನಾಲ್ಕೇ ದಿನ ಡಾಕ್ಟ್ರೇ. ಏನಾದ್ರೂ ಟಾನಿಕ್ ಕೊಡಿ.”

“ಇವರಿಗೇನೂ ಆಗಿಲ್ಲಮ್ಮ. ನಿಮಗೆಷ್ಟು ದಿನ?”

“ಹನ್ನೆರಡು,” ಎಂದರು ಅಮ್ಮ, ಹೆಮ್ಮೆಯಿಂದ.

ಡಾಕ್ಟರು ಪೆನ್ನು ಕೆಳಗಿಟ್ಟರು. ಅತ್ತಿಗೆ ಹೊರಗೆ ಹೋಗಿ ಕೂತಳು, ನಾವಿಬ್ಬರೂ ರೋಗಿಗಳಾದೆವು. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಪ್ರೋಟೀನು ನಮ್ಮಲ್ಲಿ ಕಡಿಮೆಯಂತೆ. ಗಾಯವಾದ ಕಡೆ ರಕ್ತದ ಕಣಗಳನ್ನು ಅಂಟಿಸುವ ಗೋಂದು ಅದು. ಅದನ್ನು ತಯಾರಿಸುವ ಜೀನಿನಲ್ಲೇ ದೋಷ. ಗಂಡಾಗಲಿ ಹೆಣ್ಣಾಗಲಿ, ಹುಟ್ಟುವ ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ. ತಮ್ಮಲ್ಲೇ ಪ್ಯಾಕಿಂಗ್ ಮಾಡುವ ನನ್ನ ಅಣ್ಣನಿಗೂ ದಾಟಿದೆ. ಅವನು ಗಡ್ಡ ಹೆರೆದುಕೊಳ್ಳುವಾಗ ಗಾಯವಾಗಿ ರಕ್ತ ನಿಲ್ಲದಿದ್ದಾಗ ಇಡೀ ದಿನ ರಜೆ ಕೊಟ್ಟಿರಿ. ಆಗ ಅಜ್ಜಿಯನ್ನು ಕರೆತಾ ಎಂದು ಕೇಳಲಿಲ್ಲ.

ಮಗಳಿಗೆ ಹದಿಮೂರು. ಮೊನ್ನೆ, ಮೊದಲ ಮುಟ್ಟಿನ ಒಂಬತ್ತನೇ ದಿನ, “ಅಮ್ಮಾ, ಇದು ಜಾಸ್ತಿ ಆಯ್ತಲ್ವಾ?” ಎಂದಳು. ನಮ್ಮ ಮನೆಯಲ್ಲಿ ಮೂರು ತಲೆಮಾರು ಯಾರೂ ಕೇಳದ ಪ್ರಶ್ನೆ ಅದು. ನನಗೆ ಅಳು ಬಂತು. ಮೊದಲೇ ಗೊತ್ತಿದ್ದರೆ ಅಜ್ಜಿ ಬದುಕುತ್ತಿದ್ದರೇನೋ ಎಂದು ಡಾಕ್ಟರು ಹೇಳಿದ್ದು ನೆನಪಾಯಿತು.

ಆದ್ದರಿಂದ ಗುರುವಾರದ ರಜೆ ಮಂಜೂರು ಮಾಡಿ. ಮಾಡದಿದ್ದರೂ ನಾವು ಹೋಗುವವರೇ. ಮೂಲವೇ ಬೇಕೆಂದರೆ ನಮ್ಮ ಮನೆಯ ಗೋಡೆಯ ಮೇಲೆ ಅಜ್ಜಿಯದೊಂದು ಫೋಟೋ ಇದೆ. ಅಂದು ಬೆಳಿಗ್ಗೆ ತಮ್ಮ ಮೇಜಿನ ಮೇಲೆ ಇಟ್ಟು ಹೋಗುತ್ತೇನೆ. ಅವರಿಗೆ ಇಪ್ಪತ್ತೆರಡು ವರ್ಷ. ಕೇಳುವುದಿದ್ದರೆ ಅವರನ್ನೇ ಕೇಳಿ.

ಇಂತಿ,
ದಿನಕ್ಕೆ ಎಂಟುನೂರು ಬಲ್ಬು ಹತ್ತಿಸಿ ನೋಡುವ ತಮ್ಮ ಪರೀಕ್ಷಕಿ,
ದೃಢೀಕರಿಸದ ನಕಲು