ಅನ್‌ಅಟೇನಬಲ್

ಜುಲೈ ೧೭, ಗುರುವಾರ

ನಾನೇ ಎಳೆದ ಒಂದು ಕೆಂಪು ಗೀಟು ಬೆಳಗಿನಿಂದ ತಲೆಯಲ್ಲಿ ಕೂತಿದೆ.

ಹೋದ ವಾರ ಒಂಬತ್ತನೇ ತರಗತಿಗೆ 'ಅನ್‌ಅಟೇನಬಲ್' ಪದ ಹೇಳಿಕೊಟ್ಟೆ. ಎಷ್ಟು ಹೆಣಗಿದರೂ ಕೈಗೆಟುಕದ್ದು ಎಂದೆ. ಕಿರುಪರೀಕ್ಷೆಯಲ್ಲಿ ಅರ್ಧ ಕ್ಲಾಸು ಅದನ್ನು 'ಅಟೆಂಡ್' ಎಂದುಕೊಂಡು, ಮದುವೆಗೆ ಹೋಗಲಾಗಲಿಲ್ಲ ಎಂದು ವಾಕ್ಯ ಬರೆಯಿತು. ಮಾನ್ಯ ಮಾತ್ರ 'ನಮ್ಮಮ್ಮನಿಗೆ ನಿದ್ದೆ ಅನ್‌ಅಟೇನಬಲ್' ಎಂದು ಬರೆದಿದ್ದಳು. ನಿದ್ದೆಗೆಲ್ಲ ಈ ಪದ ಬಳಸುವುದಿಲ್ಲ, ಇದು ದೊಡ್ಡ ಗುರಿಗಳಿಗೆ ಎಂದು ಗೀಟು ಎಳೆದು ಸೊನ್ನೆ ಕೊಟ್ಟೆ.

ಇವತ್ತು ಪೋಷಕರ ಸಭೆ. ಉತ್ತರ ಪತ್ರಿಕೆಗೆ ಸಹಿ ಹಾಕಲು ಅವಳ ತಾಯಿ ರಾಧಾಮಣಿ ಬಂದಿದ್ದರು. ನಾನು ಬೀರುವಿನಿಂದ ಪತ್ರಿಕೆ ತೆಗೆದು ತಿರುಗುವಷ್ಟರಲ್ಲಿ ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದರು.

"ಎಬ್ಬುಸ್ಬ್ಯಾಡಿ ಮಿಸ್," ಎಂದಳು ಮಾನ್ಯ. "ನಾಕ್ನೇ ಜ್ವರ ಎದ್ದವೆ."

"ಯಾರಿಗೆ ಜ್ವರ?" ಗಾಬರಿಯಾಯಿತು.

"ರೇಷ್ಮೆ ಹುಳಕ್ಕೆ ಮಿಸ್. ಪೊರೆ ಬಿಡಾಕೆ ಮಲಿಕತವಲ್ಲ, ಅದ್ನೇ ಜ್ವರ ಅನ್ನಾದು. ಈಗ ಎದ್ದವೆ, ಸೊಪ್ಪು ಹಾಕ್ತನೇ ಇರ್ಬೇಕು. ಇನ್ ಗೂಡು ಕಟ್ಟೋಗಂಟ ಅವೂ ಮಲಗಾಕಿಲ್ಲ, ಅಮ್ಮನೂ ಮಲಗಾಕಿಲ್ಲ."

ಕೈಲಾಂಚದ ಈ ಶಾಲೆಗೆ ಬಂದು ಎರಡು ವರ್ಷವಾಯಿತು. ನನಗೆ ಈ ಜ್ವರ ಗೊತ್ತಿರಲಿಲ್ಲ.

ಎಬ್ಬಿಸಲಿಲ್ಲ. ಫ್ಯಾನು ಹಾಕಿ, ಉಳಿದ ಪೋಷಕರನ್ನೆಲ್ಲ ವರಾಂಡದಲ್ಲೇ ನಿಂತು ಮಾತಾಡಿಸಿದೆ. ಕಾಲು ಇನ್ನೂ ನೋಯುತ್ತಿದೆ.

ಪತ್ರಿಕೆ ಮನೆಗೆ ತಂದಿದ್ದೇನೆ. ಸೊನ್ನೆ ಹೊಡೆದುಹಾಕಿ ಪೂರ್ತಿ ಅಂಕ ಹಾಕಿದೆ. ಗೀಟು ಮಾತ್ರ ಉಜ್ಜಿದಷ್ಟೂ ಹರಡುತ್ತಿದೆ. ಸಾಕು, ಕಣ್ಣು ಎಳೆಯುತ್ತಿದೆ. ದೀಪ ಆರಿಸಿದರೆ ಆಯಿತು, ನನಗೆ ನಿದ್ದೆ ಅಟೇನ…