ಬಿದಿರಲ್ಲದ ಬಿದಿರು

ಚೆಂಬೂರು, ಮುಂಬಯಿ
೧೭-೨-೧೯೯೨

ಚಿ. ವನಮಾಲಾಳಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಮ್ಮ? ಕೆಮ್ಮು ನಿಂತಿತೇ? ಕಷಾಯ ಅಂದರೆ ಮೂತಿ ತಿರುಗಿಸುವವಳು ನೀನು, ನಿನ್ನ ತಾಯಿ ಮೂಗು ಹಿಡಿದಾದರೂ ಕುಡಿಸಲಿ. ಇಲ್ಲಿ ನಾವಿಬ್ಬರೂ ಇದ್ದೇವೆ. ನಿನ್ನ ಮಾವ ಎಂದಿನಂತೆ ಆಫೀಸಿಗೆ ಹೋಗಿ ಬರುತ್ತಾರೆ, ಮಾತು ಮಾತ್ರ ಬಿಟ್ಟಿದ್ದಾರೆ. ನಿನ್ನನ್ನೂ ನಮ್ಮನ್ನೂ ಬಿಟ್ಟು ಮಗ ನಂಜುಂಡ ಹೋಗಿ ಹತ್ತು ತಿಂಗಳಾಯಿತು. ವಿಕ್ರೋಳಿಯಿಂದ ಅವನು ಕೆಲಸ ಮುಗಿಸಿ ಬರುವ ಹೊತ್ತಿಗೆ ಬಾಗಿಲ ಕಡೆ ನೋಡುವ ಚಾಳಿ ನನಗಿನ್ನೂ ಹೋಗಿಲ್ಲ. ಮೈಸೂರಿನಿಂದ ನಿನ್ನ ತಂದೆಯ ಕಾಗದ ಬಂದು ಮೂರು ವಾರವಾಯಿತು. ನಿನಗೊಂದು ಸಂಬಂಧ ಬಂದಿದೆ, ನಮ್ಮ ಒಪ್ಪಿಗೆಯಿಲ್ಲದೆ ನೀನು ಹೂಂ ಅನ್ನುವುದಿಲ್ಲ ಎಂದು ಬರೆದಿದ್ದಾರೆ. ಉತ್ತರ ಬರೆಯಲು ಕೂತಾಗಲೆಲ್ಲ ಕೈ ಓಡಲಿಲ್ಲ. ಅದಕ್ಕೇ ನಿನಗೇ ಬರೆಯುತ್ತಿದ್ದೇನೆ.

ಮೊದಲು ನಿನ್ನ ಮೀನಿನ ತೊಟ್ಟಿಯ ಸುದ್ದಿ. ನಗಬೇಡ. ನೀನು ಹೋದ ಮೇಲೆ ಅದಕ್ಕೊಂದು ಹಳೆಯ ಸೀರೆ ಹೊದಿಸಿ ಮೂಲೆಗೆ ತಳ್ಳಿದ್ದೆ. ಮೀನಿಗೆ ಕಾಳು ಹಾಕುವಾಗ ಒಂದು ಅಂಚು ಎತ್ತುತ್ತಿದ್ದೆ, ಅಷ್ಟೆ. ಸಿಂಗಪುರಕ್ಕೆ ಹೋಗಿ ಬಂದ ಗೆಳೆಯನಿಂದ ಐದು ಹಸಿರು ಕಡ್ಡಿ ಇಸಕೊಂಡು ಆ ತೊಟ್ಟಿಯಲ್ಲಿ ನೆಟ್ಟು, ಲಕ್ಕಿ ಬ್ಯಾಂಬೂ ಅಮ್ಮ, ಅದೃಷ್ಟ ತರುತ್ತೆ ಎಂದು ನಂಜುಂಡ ಕುಣಿದಾಡಿದ ದಿನವೇ ನನಗೆ ಮೈ ಉರಿದಿತ್ತು. ಹಸಿ ಬಿದಿರು ನಮ್ಮವರ ಬಾಗಿಲಿಗೆ ಬರುವುದು ಚಟ್ಟ ಕಟ್ಟಲಿಕ್ಕೆ ತಾನೇ? ನೀವಿಬ್ಬರೂ ನಕ್ಕಿರಿ. ಆಮೇಲೆ ಅವನಿಗೆ ಕಾಮಾಲೆ ಬಂತು. ಹನ್ನೆರಡೇ ದಿನ. ವೈಕುಂಠ ಸಮಾರಾಧನೆಯ ಹೊತ್ತಿನಲ್ಲಿ ನೆಂಟರೆಲ್ಲರ ಎದುರಿಗೆ ನಿನಗೆ ಅಂದೆ: “ಬಿದಿರಿಗೆ ನೀರು ಹಾಕಿ ಬೆಳೆಸಿದ್ಯಲ್ಲ, ಈಗ ಕಣ್ಣು ತಣ್ಣಗಾಯ್ತಾ?” ವಾರದಲ್ಲಿ ನಿನ್ನ ತಂದೆ ಬಂದು ಕರೆದುಕೊಂಡು ಹೋದರು.

ಹೋದ ತಿಂಗಳು ಸೀರೆ ಪೂರ್ತಿ ಸರಿಸಿದರೆ ಎರಡು ಕಡ್ಡಿ ಹಳದಿಯಾಗಿ ಕೊಳೆತಿವೆ. ಎಲ್ಲವನ್ನೂ ಎಸೆಯೋಣ ಎಂದು ಕೈಹಾಕಿದೆ. ಬೇರು ಎಷ್ಟು ಬಂತು ಎಂದು ಅವನು ದಿನಾ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದದ್ದು ನೆನಪಾಗಿ ಅಳು ತಡೆಯಲಾಗಲಿಲ್ಲ. ಒಂದು ಕಡ್ಡಿಯನ್ನು ಚೀಲದಲ್ಲಿಟ್ಟುಕೊಂಡು ಸ್ಟೇಷನ್ ಹತ್ತಿರ ಮೀನಿನ ತೊಟ್ಟಿ ಮಾರುವ ಮಂಗಳೂರಿನ ದೂಜ ಅವರಲ್ಲಿಗೆ ಹೋದೆ. ನಾನು ಮಾಡಿದ್ದೆಲ್ಲ ತಪ್ಪಂತೆ. ಬೇರು ನೀರಿನಲ್ಲಿರಬೇಕು, ಎಲೆ ಮೇಲಿರಬೇಕು. ನಾನು ಮೀನಿಗೆ ಸಾಲದೆಂದು ಅಂಚಿನವರೆಗೆ ನೀರು ಸುರಿದು ಎಲೆಯನ್ನೇ ಮುಳುಗಿಸಿದ್ದೆ. ನಲ್ಲಿ ನೀರನ್ನು ಒಂದು ದಿನ ಬಕೆಟ್ಟಿನಲ್ಲಿಟ್ಟು, ಔಷಧಿಯ ವಾಸನೆ ಹೋದ ಮೇಲೆ ಹಾಕಬೇಕು. ಅದನ್ನೂ ಸ್ವಲ್ಪ ಸ್ವಲ್ಪವೇ ಬದಲಿಸಬೇಕು. ನೇರ ಬಿಸಿಲು ಬೇಡ, ಕತ್ತಲೆಯೂ ಬೇಡ. ಯಃಕಶ್ಚಿತ್ ಬಿದಿರಿಗೆ ಇಷ್ಟೊಂದು ಉಪಚಾರವೇ ಎಂದು ಗೊಣಗಿದೆ. ಅದಕ್ಕೆ ಅವರು, “ಇದು ಬಿದಿರೇ ಅಲ್ಲ ಮಾರಾಯ್ರೆ. ಹೆಸರು ಮಾತ್ರ ಹಾಗೆ. ಇದು ಬೇರೆಯೇ ಗಿಡ” ಅಂದರು. ನಾನು ಅಂಗಡಿಯ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಪಾಪ, ಗಾಬರಿಯಾಗಿ ಕುಡಿಯಲು ನೀರು ತಂದುಕೊಟ್ಟರು.

ಬರೀ ಒಂದು ಹೆಸರಿಗೆ ನಿನ್ನನ್ನು ಸುಟ್ಟೆನಲ್ಲ, ವನಮಾಲಾ. ನಿಜವಾದ ಬಿದಿರೇ ಆಗಿದ್ದರೂ ಆ ಮಾತು ಆಡಬಾರದಿತ್ತು. ಕಳೆದುಕೊಂಡವಳು ನಾನೊಬ್ಬಳೇ ಅಂದುಕೊಂಡಿದ್ದೆ. ಕೊಳೆತದ್ದನ್ನು ತೆಗೆದೆ, ಮೂರು ಉಳಿದಿವೆ. ಒಂದರಲ್ಲಿ ಹೊಸ ಎಲೆ ಬರುತ್ತಿದೆ. ನಿನ್ನ ಮಾವ ನಿನ್ನೆ ತಾವೇ ಬಕೆಟ್ಟಿನಲ್ಲಿ ನೀರು ತುಂಬಿಸಿಟ್ಟರು.

ನಿನ್ನ ತಾಯಿತಂದೆಗೆ ನಮ್ಮ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅತ್ತೆ,
ಪುಟ್ಟಲಕ್ಷ್ಮಿ

ವಿ.ಸೂ.: ಟಪಾಲು ಹೋಗುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಈ ಕಾಗದವನ್ನೇ ನಿನ್ನ ತಂದೆಗೆ ತೋರಿಸು, ನಮ್ಮ ಉತ್ತರ ಇದೇ. ಇಲ್ಲಿಗೇ ಬಂದುಬಿಡು ಎಂದು ನಾಲ್ಕು ಸಲ ಬರೆದು ಹರಿದೆ. ಬೇಡ, ಆ ಸಂಬಂಧಕ್ಕೆ ನೀನು ಹೂಂ ಅನ್ನು. ನಿನ್ನ ಮಾವನೂ ಒಪ್ಪಿದ್ದಾರೆ. ನಿನ್ನ ಹೆಸರಿಗೆ ಬರೀ ‘ಚಿ.’ ಎಂದು ಬರೆದು ನಿಲ್ಲಿಸುವುದು ಇನ್ನು ಸಾಕು ಮಗಳೇ. ಮದುವೆಯಾದ ಮೇಲೆ ‘ಸೌಭಾಗ್ಯವತಿ’ ಎಂದು ಸೇರಿಸಿ ಬರೆಯುವ ಮೊದಲ ಕಾಗದ ನನ್ನದೇ ಆಗಿರಲಿ.