ನೀಲಿ ಬ್ರೌಸರಿನ ಕೊನೆಯ ಗಿರಾಕಿ

ದೋಸ್ತ ಬಸಲಿಂಗಾ,

ಯಾದಗಿರಿ ಕಾಲೇಜಿನಲ್ಲಿ ನಮಗೆ ಪತ್ರ ಬರೆಯುವುದನ್ನು ಕಲಿಸಿದ ಇಂಗ್ಲಿಷ್ ಸರ್ ನೆನಪಿದ್ದಾರಲ್ಲ? ‘ವಿತ್ ರೆಫರೆನ್ಸ್ ಟು ದ ಅಬೋ ಸಬ್ಜೆಕ್ಟ್’ ಅಂತಲೇ ಶುರು ಮಾಡಬೇಕು ಅನ್ನುತ್ತಿದ್ದರು. ಅದರ ಮುಂದಿನ ಸಾಲು ನನಗೆ ಆಗಲೂ ಬರುತ್ತಿರಲಿಲ್ಲ, ಈಗಂತೂ... ಇರಲಿ. ಅಬೋ ಸಬ್ಜೆಕ್ಟ್ ಏನೆಂದರೆ, ನಿನ್ನ ಮಗಳಿಗೆ ನಾನು ಸುಳ್ಳು ಹೇಳಿದೆ. ಬಾಯಿಂದಲ್ಲ, ಬ್ರೌಸರಿನಿಂದ. ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ? ನನ್ನ ಶಾಂತಾ ಇದ್ದಿದ್ದರೆ ಅವಳಿಗೆ ಹೇಳಿ, ಚೆನ್ನಾಗಿ ಬೈಸಿಕೊಂಡು ಹಗುರಾಗುತ್ತಿದ್ದೆ. ಅವಳು ನಿನಗಿಂತ ಮೊದಲೇ ಹೊರಟುಬಿಟ್ಟಳು. ಬೈಯುವವರೆಲ್ಲ ಹೋದ ಮೇಲೆ ಉಳಿದವನು ತಪ್ಪು ಮಾಡಿ ಎಲ್ಲಿಗೆ ಹೋಗಬೇಕು?

ಶಹಾಪುರದ ಗೊಬ್ಬರದಂಗಡಿಯ ಮೇಲಿನ, ವೆಬ್ ಪೇಜು ಮಾಡಿಕೊಡುವ ನಮ್ಮ ಆಫೀಸು ಇವತ್ತಿಗೂ ಬೆಳಿಗ್ಗೆ ಯೂರಿಯಾ ವಾಸನೆಯಿಂದಲೇ ತೆರೆದುಕೊಳ್ಳುತ್ತದೆ. ಶಟರ್ ಎತ್ತಿದ ಮೇಲೆ ನೀನು ಕಂಪ್ಯೂಟರ್ ಹಚ್ಚಲು ಬಿಡುತ್ತಿರಲಿಲ್ಲ. ಮೊದಲು ಟೆಕ್ನಾಲಜಿ ಸುದ್ದಿ ಆಗಬೇಕು. ನೀನು ಮೊಬೈಲು ಹಿಡಿದು, ಎದ್ದು ನಿಂತು, ಊರೊಳಗೆ ಡಂಗುರ ಸಾರುವವನ ದನಿಯಲ್ಲಿ ಓದುತ್ತಿದ್ದೆ. ಕೇಳಿದವನು ಆ ಸುದ್ದಿಯನ್ನು ಬೈಯಲೇಬೇಕು. ಸುದ್ದಿ ಹಳೆಯದಾಗಿದ್ದರೆ ಓದಿದವನೇ ಕೆಳಗಿಳಿದು ಚಹಾ ತರಬೇಕು. ಯಾವಾಗ ಮಾಡಿಕೊಂಡ ಕಾನೂನೋ, ನೀನಂತೂ ಒಂದು ದಿನ ತಪ್ಪಿಸಲಿಲ್ಲ.

‘ಕೇಳ್ರಪೋ ಕೇಳ್ರಿ! ಇನ್ನ ಮ್ಯಾಲ ಬ್ರೌಸರ್ರೇ ಎಲ್ಲಾ ಓದಿ ನಮಗ ಬರೇ ಸಾರಾಂಶ ಹೇಳ್ತದಂತ್ರಪೋ!’

‘ಹಂಗಾರ ನಮ್ಮ ಕೆಲಸಾನೂ ಅದ ಮಾಡ್ಲಿ. ನಾವು ಮಲಕೋತೀವಿ.’

‘ಈಗೇನ್ ಎದ್ದೀ ಏನು? ನಿನ್ನ ಬಣ್ಣದ ಚಕ್ರ ತೆರಕೊಳ್ಳೂದ್ರಾಗ ನನಗ ಒಂದ್ ನಿದ್ದಿ ಆಗ್ತದ. ಬೀಗರು ಹೋಳಿಗಿ ಉಂಡಂಗ ಮೆಮೊರಿ ಉಣ್ತದ ಅದು.’

‘ನಿನ್ನ ನರಿ ಉಪವಾಸ ಇರ್ತದ, ಖರೇ. ಯಾಕಂದ್ರ ಅದನ್ನ ಶಹಾಪುರದಾಗ ಕರಿಯಾಂವ ನೀ ಒಬ್ಬನ. ಸುರಪುರದಾಗ ಅಂತೂ ಯಾರೂ ಇಲ್ಲ.’

ಬ್ರೌಸರುಗಳನ್ನು ನಾವು ಯಾವತ್ತಾದರೂ ಅವುಗಳ ಹೆಸರಿನಿಂದ ಕರೆದಿದ್ದೇವೆಯೇ? ಗುರುತಿನ ಚಿತ್ರ ನೋಡಿ ನನ್ನದು ಚಕ್ರ, ನಿನ್ನದು ನರಿ. ಇಬ್ಬರೂ ಸೇರಿ ಬೈಯುತ್ತಿದ್ದದ್ದು ಹಳೆಯ ಕಂಪ್ಯೂಟರುಗಳಲ್ಲಿ ಕೂತ ‘ನೀಲಿ’. ಒಮ್ಮೆ ಶಾಂತಾ ಬುತ್ತಿ ತಂದವಳು ಬಾಗಿಲಲ್ಲೇ ನಿಂತು ನಮ್ಮ ಜಗಳ ಕೇಳಿ, ‘ಮಂದಿ ಹೆಂಡರನ್ನ ಬೈತಾರ, ನೀವಿಬ್ರೂ ಬ್ರೌಸರ್ ಬೈತೀರಿ. ಪಾಡಾತು, ನಾವು ಉಳಕೊಂಡ್ವಿ’ ಅಂದಿದ್ದಳು. ಆ ದಿನ ನಿನಗೆ ರೊಟ್ಟಿಯ ತುತ್ತು ಗಂಟಲಿಗೆ ಸಿಕ್ಕಿ...

ನೀರಿನ ಪಾಳಿಯ ಪೇಜು ಮಾಡಿದ ವರ್ಷ ನೆನಪಾಗುತ್ತದೆ. ನಾರಾಯಣಪುರದಿಂದ ಕಾಲುವೆಗೆ ನೀರು ಬಿಟ್ಟಾಗ ಯಾವ ಊರಿಗೆ ಯಾವ ದಿನ ಪಾಳಿ ಅನ್ನುವುದನ್ನು ತೋರಿಸುವ ಪೇಜು. ಊರೂರಿನ ನೀರು ಬಳಕೆದಾರರ ಸಂಘದ ಗುಮಾಸ್ತ ಅದನ್ನು ತೆರೆದು ನೋಡಿ, ಹೊರಗಿನ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದ. ಅವರ ಕಂಪ್ಯೂಟರುಗಳಲ್ಲಿ ಇದ್ದದ್ದು ನೀಲಿ ಒಂದೇ. ನಮ್ಮ ಪೇಜು ನೀಲಿಯಲ್ಲಿ ಬೆಳ್ಳಗೆ ಖಾಲಿ ಕಾಣುತ್ತಿತ್ತು. ನೀನು ಹಟ ಹಿಡಿದು ಅದಕ್ಕಾಗಿಯೇ ಬೇರೆ ಕೋಡು ಬರೆದೆ. ನಾನು ಅದಕ್ಕೆ ‘ತ್ಯಾಪಿ’ ಅಂತ ಹೆಸರಿಟ್ಟೆ. ತೆಗಿ ಆ ತ್ಯಾಪಿ, ಹೊಸ ಅಂಗಿಗೆ ಹಚ್ಚಿದಂಗ ಕಾಣ್ತದ ಅಂತ ದಿನಾ ಕಾಡಿದೆ.

‘ನೀಲಿನ್ನ ಬೈಯೂದ್ರಾಗ ನಾ ನಿನಗಿಂತ ಮುಂದ ಅದೀನಿ’ ಅಂದೆ ನೀನು. ‘ಆದ್ರ ಅದರಾಗ ಬಂದಾಂವನ ಮುಂದ ಬಾಗಲಾ ಹಾಕಂಗಿಲ್ಲ. ಒಬ್ಬ ಬಂದ್ರೂ ತ್ಯಾಪಿ ಇರ್ತದ. ಯಾರೂ ಬರಲಾರದ ದಿನ ನೀನ ಕಿತ್ತಿ ಒಗಿ, ನಾ ಕೇಳಂಗಿಲ್ಲ.’

‘ಅಗ್ರೀಡ್’ ಅಂದೆ ನಾನು. ಕೈ ಕೈ ಮುಟ್ಟಿಸಿದೆವು.

ನೀನು ಸುರಪುರದ ಬಸ್ಸು ಹತ್ತಿದ ಬೆಳಿಗ್ಗೆ ನಾನು ಕಿಟಕಿಯಿಂದ ಕೂಗಿದ್ದೂ ಬ್ರೌಸರಿನ ಮಾತೇ. ನೀನು ಕೈ ಮಾಡಿದೆ, ಏನೋ ಅಂದೆ, ಕೇಳಿಸಲಿಲ್ಲ. ಅರ್ಧ ದಾರಿಯಲ್ಲಿ ಎದೆ ಹಿಡಿದುಕೊಂಡು ಇಳಿದೆಯಂತೆ. ಆ ದಾರಿಯ ವಿಷಯ ಇಲ್ಲಿಗೆ ಸಾಕು. ನಿನ್ನ ಮಣ್ಣು, ದಿನಗಳೆಲ್ಲ ಮುಗಿದ ಮೇಲೆ ನಿನ್ನ ರೇಣುಕಾ ಬಂದಳು. ಬಿ.ಸಿ.ಎ. ಮುಗಿಸಿದ್ದಳಲ್ಲ. ‘ಕಾಕಾ, ಅಪ್ಪನ ಕುರ್ಚಿ ಖಾಲಿ ಬಿಟ್ರ ಚಂದ ಕಾಣಂಗಿಲ್ಲ’ ಅಂದು ಕೂತೇಬಿಟ್ಟಳು. ನಿನ್ನ ಹಳೆಯ ಕಂಪ್ಯೂಟರನ್ನು ಮಾತ್ರ ನನ್ನ ಮನೆಗೆ ಕಳಿಸಿದಳು. ‘ಅದನ್ನ ನೋಡಿದ್ರ ಅವ್ವ ಅಳ್ತಾಳ, ನೀವ ಇಟಗೋರಿ’ ಅಂತ. ಶಾಂತಾಳ ಹೊಲಿಗೆ ಮಷೀನಿನ ಮೇಜಿನ ಮೇಲೆ ಇಟ್ಟೆ. ಹೀಗೆ ನಿಮ್ಮಿಬ್ಬರ ಸಾಮಾನೂ ಒಂದೇ ಮೂಲೆಗೆ ಬಂದವು.

ಲಾಗ್ ತೆರೆದು ನೋಡಿದ ಆ ಬೆಳಿಗ್ಗೆ ನನಗೆ ಹಬ್ಬವಾಗಬೇಕಿತ್ತು. ಯಾರು ಯಾವ ಬ್ರೌಸರಿನಿಂದ ಪೇಜಿಗೆ ಬಂದರು ಅನ್ನುವುದು ಅದರಲ್ಲಿ ಬೀಳುತ್ತದಲ್ಲ, ನೀಲಿಯ ಮುಂದೆ ಸೊನ್ನೆ ಇತ್ತು. ಒಬ್ಬರೂ ಇಲ್ಲ. ಎಲ್ಲರ ಕೈಗೂ ಮೊಬೈಲು ಬಂದಿದೆ. ಇಷ್ಟು ವರ್ಷ ಕಾದಿದ್ದ ದಿನ! ನಾನೇನು ಮಾಡಿದೆ ಗೊತ್ತೇ? ಮನೆಗೆ ಹೋಗಿ ನಿನ್ನ ಕಂಪ್ಯೂಟರ್ ಹಚ್ಚಿ, ನನ್ನ ಮೊಬೈಲಿನ ನೆಟ್ ಕೊಟ್ಟು, ನೀಲಿಯಲ್ಲಿ ಪಾಳಿಯ ಪೇಜು ತೆರೆದೆ. ಲಾಗಿನಲ್ಲಿ ಒಬ್ಬ ಬಿದ್ದ. ಮರುದಿನವೂ ತೆರೆದೆ. ಆಮೇಲೆ ಅದೇ ರೂಢಿಯಾಯಿತು. ಒಲೆಯ ಮೇಲೆ ಚಹಾ ಇಡುವುದು, ಅದು ಕುದಿಯುವುದರೊಳಗೆ ನೀಲಿ ತೆರೆದು ಮುಚ್ಚುವುದು. ಆ ತ್ಯಾಪಿಯನ್ನೂ ಕಿತ್ತರೆ ನಮ್ಮ ಜಗಳದಲ್ಲಿ ಏನು ಉಳಿಯುತ್ತದೆ ಹೇಳು? ಗೆದ್ದವನೊಬ್ಬ ಸುಮ್ಮನೆ ಕೂತಿರುತ್ತಾನೆ. ಅದಕ್ಕಿಂತ ದಂಡದ ಕೆಲಸ ಬೇರೆ ಇದೆಯೇ?

ಹೀಗಿರುವಾಗ ಒಂದು ದಿನ ರೇಣುಕಾ ತ್ಯಾಪಿಗೆ ಕೈ ಹಾಕಿದಳು.

‘ಕಾಕಾ, ಇದರ ಸಲುವಾಗಿ ಪೇಜಿಗೆ ಹಳೀ ಬೀಗಾನ ಇಟಗೊಂಡೀವಿ. ಹೊಸಾದು ಹಾಕಿದ್ರ ನೀಲಿಗೆ ತೆರಿಯಾಕ ಬರಂಗಿಲ್ಲ. ನಾಳಿ ಯಾವನರ ಒಳಗ ಹೊಕ್ಕು ಪಾಳಿನ ತಿದ್ದಿದ್ರ? ಊರೂರು ಬಡದಾಡ್ತಾವ್ರಿ.’

‘ಒಬ್ಬರು ಬರ್ತಾರಲ್ಲವಾ ಇನ್ನಾ.’

‘ಅಪ್ಪ ಇದ್ದಾಗ ತೆಗಿ ತೆಗಿ ಅಂತಿದ್ದವ್ರು ನೀವ. ಈಗೇನಾತು?’

‘ರೂಲ್ ಈಸ್ ರೂಲ್’ ಅಂದೆ. ಅದರ ಮುಂದೆ ನನಗೆ ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ.

‘ನೋಡ್ರಿ ಕಾಕಾ, ನಾ ಇಲ್ಲಿ ಕೆಲಸಾ ಮಾಡಾಕ ಬಂದೀನಿ. ಅಪ್ಪನ ಗದ್ದಿಗಿ ಕಾಯಾಕ ಬಂದಿಲ್ಲ’ ಅಂದಳು. ಲಾಗಿನ ಸಾಲಿನ ಮೇಲೆ ಬೆರಳಿಟ್ಟಳು. ‘ಆದ್ರ ಒಬ್ಬರು ಅಂದ್ರ ಒಂದೂರಿನ ಹಲಗಿ. ಅದನ್ನ ಬಿಡಾಕೂ ಬರಂಗಿಲ್ಲ. ಅವರು ಯಾರಂತ ನಾನ ಹುಡುಕ್ತೀನಿ. ಅವರ ಕಂಪ್ಯೂಟರಿಗೆ ಅಪ್ಪನ ನರಿ ಹಾಕಿಕೊಟ್ಟು ಬರ್ತೀನಿ. ಆಮ್ಯಾಲ ತೆಗಿಯೂಣು.’

ಯಾರ ಮಗಳು! ನಿನಗೆ ಬರಬೇಕಾದ ಹೆಮ್ಮೆ ನನಗೆ ಬಂತು, ಜೊತೆಗೆ ಬೆವರೂ ಬಂತು. ಲಾಗಿನಿಂದ ಅವಳಿಗೆ ಗುರುತು ಹತ್ತುವಂತಿರಲಿಲ್ಲ. ಮೊಬೈಲು ನೆಟ್ಟಿನ ವಿಳಾಸ ದಿನಕ್ಕೊಂದು ಬದಲಾಗುತ್ತದೆ. ಅದು ನನಗೆ ಗೊತ್ತಿದ್ದೇ...

ಊರೂರು ಹುಡುಕಿ ವಡಗೇರಾ ಬಸ್ಸಿನಿಂದ ಇಳಿದು ಬಂದ ಸಂಜೆ ಅವಳ ತಲೆಗೂದಲು ಕೆಂಪು ಧೂಳಾಗಿತ್ತು. ಒಂದೇ ಉಸಿರಿಗೆ ಒಂದು ತಂಬಿಗೆ ನೀರು ಕುಡಿದಳು. ‘ಒಂದೂರಾಗ ಏನಾಗ್ಯದ ಗೊತ್ತೇನ್ರಿ ಕಾಕಾ? ಗುಮಾಸ್ತಗ ಕಂಪ್ಯೂಟರ್ ಎಲ್ಲಿ ಅದರಿ ಅಂದ್ರ, ಸಾವಕಾಶ ಬಾರವಾ, ಅದರ ಡಬ್ಬಿ ಮ್ಯಾಲ ಕೋಳಿ ಕಾವಿಗೆ ಕುಂತದ, ಎದ್ರ ಕುಕ್ತದ ಅಂದ!’ ಅಂತ ನಕ್ಕಳು. ನಿನ್ನದೇ ನಗು, ಹೆಗಲು ಕುಣಿಸಿ ನಗುವುದು. ನನಗೆ ನಗು ಬರಲಿಲ್ಲ. ಆ ಬಿಸಿಲಿನಲ್ಲಿ ಅವಳು ಹುಡುಕಿಕೊಂಡು ಹೋದ ಮನುಷ್ಯ ಇಲ್ಲೇ ಫ್ಯಾನಿನ ಕೆಳಗೆ ಕೂತಿದ್ದ.

‘ಈ ಕಡಿ ಊರು ಎಲ್ಲಾ ಆದ್ವು’ ಅಂದಳು. ‘ನಾಳಿ ಸುರಪುರ ಕಡಿ ಹೋಗ್ತೀನಿ.’

ಆ ದಾರಿಗೆ ಅವಳು ನೀನು ಹೋದಂದಿನಿಂದ ಕಾಲಿಟ್ಟಿರಲಿಲ್ಲ. ಸುರಪುರದ ಕೆಲಸ ಬಂದರೆ ‘ನೀವ ಹೋಗ್ರಿ’ ಅಂತ ನನ್ನನ್ನೇ ಕಳಿಸುತ್ತಿದ್ದಳು. ನಾನು ಮುಖ ನೋಡಿದ್ದಕ್ಕೆ, ‘ಏನ್ ಮಾಡ್ಲಿ ಕಾಕಾ? ಒಂದೂರು ಅಂದ್ರ ಒಂದೂರ’ ಅಂದು ಚಪ್ಪಲಿಯ ಧೂಳು ಕೊಡವಿದಳು. ನಿನ್ನ ಮಾತನ್ನು ಉಳಿಸಲಿಕ್ಕೆ, ನೀನು ಕಡೆಗೆ ಕೂತ ಬಸ್ಸಿನ ದಾರಿಗೆ, ಇಲ್ಲದ ಗಿರಾಕಿಯನ್ನು ಹುಡುಕುತ್ತಾ... ಬಸಲಿಂಗಾ, ನೀನು ಎದುರಿಗಿದ್ದಿದ್ದರೆ ನನ್ನ ಕಪಾಳಕ್ಕೆ ಬಾರಿಸುತ್ತಿದ್ದೆ.

‘ಬಸ್ ಹತ್ತೂಕಿಂತ ಮೊದಲ ನಮ್ಮನಿಗೆ ಬಾರವಾ’ ಅಂದೆ.

ಅವಳು ಮನೆಗೆ ಬಂದಾಗ ಒಲೆಯ ಮೇಲೆ ಚಹಾ ಇತ್ತು. ದಿನಾ ಮಾಡುವುದನ್ನೇ ಅವಳ ಎದುರಿಗೆ ಮಾಡಿದೆ. ನಿನ್ನ ಕಂಪ್ಯೂಟರ್ ಹಚ್ಚಿದೆ, ಮೊಬೈಲಿನ ನೆಟ್ ಕೊಟ್ಟೆ, ನೀಲಿ ತೆರೆದೆ. ಪಾಳಿಯ ಪೇಜು ಮೂಡಿತು.

‘ನೀವ?’

‘ಹ್ಞೂಂ.’

‘ಕೋಳಿ ಸುದ್ದಿ ಹೇಳೂಮುಂದೂ ನಿಮಗ ಗೊತ್ತಿತ್ತು?’

‘ಹ್ಞೂಂ.’

‘ಥೂ, ಕಾಕಾ.’

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವೈರುಗಳನ್ನು ಒಂದೊಂದಾಗಿ ಕಿತ್ತಳು. ಚಹಾ ಉಕ್ಕಿ ಒಲೆಯೆಲ್ಲ ರಾಡಿಯಾಯಿತು, ಇಬ್ಬರೂ ಆ ಕಡೆ ನೋಡಲಿಲ್ಲ. ಆಟೋ ಕರೆದು ಕಂಪ್ಯೂಟರನ್ನು ಸೀಟಿನ ಮೇಲಿಟ್ಟು, ಬಿದ್ದೀತು ಅಂತ ತಬ್ಬಿ ಹಿಡಿದು ಕೂತಳು. ‘ಇದು ನಮ್ಮಪ್ಪಂದು’ ಅಂದಳು. ಅಷ್ಟೇ.

ಆಮೇಲಿನ ಬೆಳಿಗ್ಗೆಗಳಲ್ಲಿ ಆಫೀಸು ಹೇಗಿತ್ತು ಅಂತ ನಿನಗೆ ಹೇಳಬಾರದು, ಆದರೂ ಹೇಳುತ್ತೇನೆ. ಅವಳ ಚಹಾ ಅವಳು ತಂದುಕೊಳ್ಳುವಳು, ನನ್ನದು ನಾನು. ಕೆಲಸದ ಮಾತು ಮಾತ್ರ, ಅದೂ ‘ಕಾಕಾ’ ಇಲ್ಲದೆ. ತ್ಯಾಪಿಯನ್ನು ತಾನೇ ಕಿತ್ತು ಹಾಕುತ್ತಾಳೆ ಅಂದುಕೊಂಡೆ. ಮುಟ್ಟಲಿಲ್ಲ. ಲಾಗ್ ನೋಡಿದರೆ ನೀಲಿಯ ಮುಂದೆ ಒಬ್ಬ. ಮರುದಿನವೂ ಒಬ್ಬ. ಕಂಪ್ಯೂಟರ್ ನನ್ನ ಹತ್ತಿರ ಇಲ್ಲ, ನಾನು ತೆರೆದಿಲ್ಲ. ಖರೇ ಗಿರಾಕಿ ಯಾರೋ ಬಂದ ಅಂತ ಒಂದು ಗಳಿಗೆ ಖುಷಿಯಾದೆ ನೋಡು, ಎಂಥಾ ಹುಚ್ಚ. ತಲೆಯೆತ್ತಿ ರೇಣುಕಾಳ ಮುಖ ನೋಡಿದಾಗ ತಿಳಿಯಿತು. ಕಣ್ಣು ಬಾತಿದ್ದವು. ಮನೆಯಲ್ಲಿ, ಅವ್ವ ಏಳುವ ಮೊದಲು, ಅವಳೂ ನೀಲಿ ತೆರೆದು...

ಸುಳ್ಳು ಹೇಳಿದ್ದಕ್ಕಿಂತ ಇದು ನನ್ನನ್ನು ಹೆಚ್ಚು ತಿಂದಿತು, ದೋಸ್ತ. ಗದ್ದಿಗೆ ಕಾಯಲು ಬಂದಿಲ್ಲ ಅಂದ ಹುಡುಗಿ ಅವಳು. ಆ ಗದ್ದಿಗೆಯನ್ನು ನನ್ನ ಮನೆಯಿಂದ ಎತ್ತಿ ಅವಳ ಮಡಿಲಿಗೆ ಇಟ್ಟವನು ನಾನಲ್ಲವೇ? ನನಗಾದರೆ ವಯಸ್ಸಾಯಿತು, ಚಹಾ ಕುದಿಯುವವರೆಗೆ ಮಾಡಲು ಬೇರೆ ಏನೂ ಇಲ್ಲ. ಅವಳಿಗೆ ಇನ್ನೂ ಎಷ್ಟು ಕೆಲಸವಿದೆ.

ಇವತ್ತು ಬೆಳಿಗ್ಗೆ ಅವಳಿಗಿಂತ ಮೊದಲು ಹೋಗಿ ಶಟರ್ ಎತ್ತಿದೆ. ತ್ಯಾಪಿಯನ್ನು ನನ್ನ ಕೈಯಾರೆ ಕಿತ್ತೆ. ಎಷ್ಟು ಚೆಂದ ಬರೆದಿದ್ದೆಯೋ ಮಾರಾಯಾ, ಇದ್ದಾಗ ಒಂದು ಮಾತು ಹೇಳಲಿಲ್ಲ ನಾನು. ಹೊಸ ಬೀಗ ಹಾಕಿದೆ. ಮೊಬೈಲುಗಳಲ್ಲಿ, ಚಕ್ರದಲ್ಲಿ, ನರಿಯಲ್ಲಿ ತೆರೆದು ನೋಡಿದೆ. ಎಲ್ಲ ಬರೋಬ್ಬರಿ ಇತ್ತು. ಆಮೇಲೆ ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸದ್ದಾಯಿತು. ಬಾಗಿಲಲ್ಲಿ ನಿಂತ ಅವಳ ಮುಖ ನೋಡಿದೆ. ಮನೆಯಲ್ಲಿ ನೀಲಿ ತೆರೆದು ನೋಡಿಯೇ ಬಂದಿದ್ದಳು.

ನಾನು ಮೊಬೈಲು ಹಿಡಿದು ಎದ್ದು ನಿಂತೆ. ಯಾವತ್ತೂ ಓದಿದವನಲ್ಲ ನಾನು, ದನಿ ಎರಡು ಕಡೆ ಒಡೆಯಿತು.

‘ಕೇಳ್ರಪೋ ಕೇಳ್ರಿ! ಶಹಾಪುರದ ಗೊಬ್ಬರದಂಗಡಿ ಮ್ಯಾಲಿನ ಆಫೀಸಿನಾಗ ಇವತ್ತಿಂದ ನೀಲಿ ಬಂದ್ ಆಗ್ಯದ್ರಪೋ! ಯಾರೂ ಯಾರ ಸಲುವಾಗೂ ತೆರಿಯಂಗಿಲ್ರಪೋ!’

ಕೆಳಗೆ ಯಾರೋ ಗೊಬ್ಬರದ ಚೀಲ ಎತ್ತಿ ಹಾಕಿದರು. ನನ್ನ ಮೊಬೈಲು ಹಿಡಿದ ಕೈ ಹಾಗೇ ಮೇಲಿತ್ತು, ಇಳಿಸಬೇಕೋ ಬೇಡವೋ ತಿಳಿಯಲಿಲ್ಲ.

‘ಇದೂ ಒಂದ್ ಸುದ್ದಿ ಏನ್ರಿ ಕಾಕಾ?’ ಅಂದಳು ಕಡೆಗೆ. ‘ಹಳೀದು. ನನಗ ಮುಂಜಾನಿನ ಗೊತ್ತಾಗ್ಯದ. ಚಾ ನೀವ ತರ್ರಿ.’

ಕಾಕಾ ಅಂದಳು, ಕೇಳಿಸಿತೇ? ಮೆಟ್ಟಿಲು ಹೇಗಿಳಿದೆನೋ ನೆನಪಿಲ್ಲ. ಚಹಾ ತಂದಿಟ್ಟಾಗ ಅವಳು ನನ್ನ ಕಂಪ್ಯೂಟರಿನ ಮುಂದೆ ಕೂತಿದ್ದಳು. ‘ಸುಳ್ಳಿಗೆ ಶಿಕ್ಷಾ ಆಗಬೇಕಲ್ರಿ. ನಿಮ್ಮ ಚಕ್ರ ತಗದೀನಿ. ಇನ್ನ ಮ್ಯಾಲ ನಿಮಗ ಇದ’ ಅಂದಳು. ನಾನು ‘ಯುವರ್ ಆನರ್’ ಅಂದೆ. ಆಗ ಅವಳ ಹೆಗಲು ಸ್ವಲ್ಪ ಕುಣಿಯಿತು.

ಬಸಲಿಂಗಾ, ನಾಳೆ ಸುರಪುರದ ಕೆಲಸಕ್ಕೆ ಇಬ್ಬರೂ ಹೋಗುತ್ತಿದ್ದೇವೆ. ಅವಳೇ ಅಂದಳು. ಆ ಜಾಗ ಬಂದಾಗ ಕಿಟಕಿಯ ಕಡೆ ನಾನು ಕೂತಿರುತ್ತೇನೆ, ಆ ಮಾತು ಕೊಡುತ್ತೇನೆ. ಇನ್ನೊಂದು ಸುದ್ದಿ, ಇದು ಹಳೆಯದಲ್ಲ. ಈ ಪತ್ರವನ್ನು ನಿನ್ನ ನರಿಯಲ್ಲೇ ಕೂತು ಟೈಪ್ ಮಾಡುತ್ತಿದ್ದೇನೆ. ಚಲೋ ಅದ, ಮಗನ. ಭಾಳ ಚಲೋ ಅದ. ಈಗ ಬೈ ನೋಡೋಣ.

ನಿನ್ನ ಚಕ್ರದವನು